ಉಸಿರು ಮೊದಲು ಬರುತ್ತದೆ, ಕಾಲು ಆಮೇಲೆ

ಬಿಟ್ಟಿದ್ದ ಓಟಕ್ಕೆ ಮತ್ತೆ ವಾಪಸ್ ಬರುವವರ ಕಾಲಿನ ಬಗ್ಗೆ ಮಾತಾಡಲು ಇವತ್ತು ಇಲ್ಲಿ ಸೇರಿದ್ದೇವೆ. ಅದಕ್ಕೂ ಮೊದಲು, ಕೂತಲ್ಲೇ ಒಂದು ಸಣ್ಣ ಕೆಲಸ ಮಾಡೋಣ. ಬಲಗಾಲನ್ನು ಮುಂದಕ್ಕೆ ಚಾಚಿ. ಹಿಮ್ಮಡಿ ನೆಲದ ಮೇಲಿರಲಿ. ಸ್ವಲ್ಪ ಬಗ್ಗಿ ಮೀನಖಂಡವನ್ನು ಕೈಯಲ್ಲಿ ಹಿಡಿದುಕೊಳ್ಳಿ. ಈಗ ಕಾಲ್ಬೆರಳುಗಳನ್ನು ಕೆಳಕ್ಕೆ ಒತ್ತಿ, ಕಾರಿನ ಆಕ್ಸಿಲರೇಟರ್ ಒತ್ತುವ ಹಾಗೆ. ಕೈಯೊಳಗೆ ಒಂದು ಉಂಡೆ ಗಟ್ಟಿಯಾಯಿತು ಅಲ್ವಾ?

ಈಗ ಕಾಲು ಮಡಿಸಿ, ಪಾದ ಪೂರ್ತಿ ನೆಲಕ್ಕೆ ಊರಿ. ಒಂದು ಮೊಣಕೈಯನ್ನು ಮಂಡಿಯ ಮೇಲಿಟ್ಟು ಭಾರ ಹಾಕಿ. ಆ ಭಾರವನ್ನು ಎತ್ತುವ ಹಾಗೆ ಹಿಮ್ಮಡಿಯನ್ನು ಮೇಲೆತ್ತಿ. ಇನ್ನೊಂದು ಕೈ ಮೀನಖಂಡದ ಮೇಲೇ ಇರಲಿ. ಮೇಲಿನ ಉಂಡೆ ಈ ಸಲ ಅಷ್ಟು ಬಿಗಿಯಾಗಲಿಲ್ಲ. ಆದರೆ ಅದಕ್ಕಿಂತ ಸ್ವಲ್ಪ ಕೆಳಗೆ, ಕಾಲಿನ ಎರಡೂ ಪಕ್ಕದಲ್ಲಿ ಏನೋ ಗಟ್ಟಿಯಾಯಿತು. ಸಿಕ್ಕಿತಾ? ಸಿಗದವರು ಇನ್ನೂ ಸ್ವಲ್ಪ ಜೋರಾಗಿ ಒತ್ತಿ ನೋಡಿ.

ನಾವು ಮೀನಖಂಡ ಅಂತ ಒಂದೇ ಹೆಸರಲ್ಲಿ ಕರೆಯುವ ಜಾಗದಲ್ಲಿ ಎರಡು ದೊಡ್ಡ ಸ್ನಾಯುಗಳಿವೆ. ಮೇಲೆ ಎದ್ದು ಕಾಣುವುದು ಗ್ಯಾಸ್ಟ್ರೋಕ್ನೀಮಿಯಸ್. ಅದರ ಅಡಿಯಲ್ಲಿ ಚಪ್ಪಟೆಯಾಗಿ ಮಲಗಿರುವುದು ಸೋಲಿಯಸ್. ಮೇಲಿನದು ಮಂಡಿಗಿಂತ ಮೇಲಿಂದ, ತೊಡೆಮೂಳೆಯಿಂದ ಶುರುವಾಗುತ್ತದೆ. ಹಾಗಾಗಿ ಮಂಡಿ ಮಡಿಸಿದರೆ ಅದು ಸಡಿಲವಾಗುತ್ತದೆ. ಕೆಳಗಿನದಕ್ಕೆ ಮಂಡಿಯ ಸಂಬಂಧವೇ ಇಲ್ಲ, ಮಡಿಸಿದರೂ ಚಾಚಿದರೂ ಅದರ ಕೆಲಸ ನಡೆಯುತ್ತದೆ. ಎರಡೂ ಕೆಳಗೆ ಬಂದು ಒಂದೇ ದಪ್ಪ ಹುರಿಯಾಗಿ ಹಿಮ್ಮಡಿಗೆ ಕಟ್ಟಿಕೊಳ್ಳುತ್ತವೆ. ಆ ಹುರಿಯೇ ಅಕಿಲಿಸ್ ಟೆಂಡನ್. ನಮ್ಮ ಮೈಯಲ್ಲಿರುವ ಟೆಂಡನ್‌ಗಳಲ್ಲೇ ಅತಿ ದಪ್ಪ, ಅತಿ ಗಟ್ಟಿ.

ಹೆಸರುಗಳ ಬಗ್ಗೆ ಒಂದು ಮಾತು, ನನಗೆ ಇದು ಬಹಳ ಇಷ್ಟ. ಗ್ಯಾಸ್ಟ್ರೋಕ್ನೀಮಿಯಸ್ ಅಂದರೆ ಗ್ರೀಕ್‌ನಲ್ಲಿ ಕಾಲಿನ ಹೊಟ್ಟೆ. ಅವರಿಗೆ ಅಲ್ಲಿ ಹೊಟ್ಟೆ ಕಂಡಿದೆ, ನಮ್ಮವರಿಗೆ ಮೀನು ಕಂಡಿದೆ. ಕೆರೆ ಮೀನನ್ನು ಕೈಯಲ್ಲಿ ಹಿಡಿದವರಿಗೆ ಗೊತ್ತು, ನಡುವೆ ದಪ್ಪ, ಬಾಲದ ಕಡೆ ಸಣ್ಣ, ಒಳಗೊಳಗೇ ಮಿಸುಕಾಡುತ್ತದೆ. ಎಷ್ಟು ಸರಿಯಾದ ಹೆಸರು ನೋಡಿ.

ಆದರೆ ಇಷ್ಟು ಒಳ್ಳೆಯ ಪದ ಇರುವ ನಮ್ಮ ಭಾಷೆಯಲ್ಲಿ, ನೋವು ಬಂದ ಕೂಡಲೇ ಎಲ್ಲವೂ ನರ ಆಗಿಬಿಡುತ್ತದೆ. ನನ್ನ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಬರುವವರಲ್ಲಿ ಅರ್ಧದಷ್ಟು ಜನ ಹೇಳುವುದು ಇದೇ ಮಾತು. "ಮೇಡಂ, ನರ ಹಿಡ್ಕೊಂಡಿದೆ." "ನರ ಎಳೀತಿದೆ." ಸ್ನಾಯುವೂ ನರ, ಟೆಂಡನ್ನೂ ನರ, ಉಬ್ಬಿ ಕಾಣುವ ರಕ್ತನಾಳವೂ ನರ. ಬಿಟ್ಟಿದ್ದ ಓಟಕ್ಕೆ ವಾಪಸ್ ಬರುವವರು ಈ ಒಂದು ಪದವನ್ನು ಬಿಡಿಸಿ ನೋಡಲು ಕಲಿತರೆ ಸಾಕು, ಬಹಳಷ್ಟು ಪೆಟ್ಟು ತಪ್ಪುತ್ತದೆ. ಯಾಕೆಂದರೆ ಇವು ಒಂದೊಂದೂ ಒಂದೊಂದು ವೇಗದಲ್ಲಿ ವಾಪಸ್ ಬರುತ್ತವೆ. ಅದು ಗೊತ್ತಿದ್ದೂ ನಾನು ನನ್ನ ವಿಷಯದಲ್ಲಿ ಮರೆತೆ. ಅದನ್ನೇ ಮೊದಲು ಹೇಳುತ್ತೇನೆ.

ಕಾಲೇಜಿನಲ್ಲಿ ನಾನು 800 ಮೀಟರ್ ಓಡುತ್ತಿದ್ದೆ. 27ನೇ ವಯಸ್ಸಿಗೆ ಬಿಟ್ಟೆ. ಮದುವೆ, ಮಗು, ಕೆಲಸ, ಎಲ್ಲರ ಮನೆಯ ಕಥೆಯೇ. ಮತ್ತೆ ಶೂ ಹಾಕಿದ್ದು 43ಕ್ಕೆ. ಮೊದಲ ವಾರ ನಮ್ಮ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಎರಡು ನಿಮಿಷ ಓಡಿದರೆ ಏದುಸಿರು. ಎರಡನೇ ವಾರ ಹತ್ತು ನಿಮಿಷ. ಮೂರನೇ ವಾರಕ್ಕೆ ಮಾತಾಡುತ್ತಾ ಓಡುವಷ್ಟು ಉಸಿರು ಬಂತು. ಆ ಖುಷಿಯನ್ನು ಏನಂತ ಹೇಳಲಿ, ಹದಿನಾರು ವರ್ಷ ಕಳೆದುಹೋಗಿದ್ದ ಯಾರೋ ಮನೆ ಬಾಗಿಲಿಗೆ ಬಂದು ನಿಂತ ಹಾಗೆ ಆಯಿತು. ಜನವರಿ ಬೆಳಗ್ಗೆ, ನೀರಿನ ಮೇಲೆ ಮಂಜು, ಹೆಜ್ಜಾರ್ಲೆಗಳು ಸಾಲಾಗಿ ತೇಲುತ್ತಿವೆ. ಇವತ್ತು ಸ್ವಲ್ಪ ಜೋರಾಗಿ ಹೋಗೋಣ ಅನ್ನಿಸಿತು. ಹೋದೆ.

ನಾಲ್ಕನೇ ಕಿಲೋಮೀಟರಿನಲ್ಲಿ ಎಡಗಾಲಿನ ಮೀನಖಂಡಕ್ಕೆ ಯಾರೋ ಹಿಂದಿನಿಂದ ಕಲ್ಲು ಬೀಸಿದ ಹಾಗಾಯಿತು. ಟಪ್ ಅಂತ. ನಾನು ನಿಜವಾಗಿ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಆಗ ಅರ್ಥವಾಯಿತು. ನಡುವಯಸ್ಸಿನಲ್ಲಿ ಗ್ಯಾಸ್ಟ್ರೋಕ್ನೀಮಿಯಸ್‌ನ ಒಳಭಾಗ ಹರಿದಾಗ ಎಲ್ಲರೂ ಹೇಳುವುದು ಇದನ್ನೇ. ನನ್ನ ಮುಂದೆ ಕೂತು ಎಷ್ಟೋ ಜನ ಇದೇ ಮಾತು ಹೇಳಿದ್ದರು, "ಯಾರೋ ಒದ್ದರು ಅಂತ ತಿರುಗಿ ನೋಡಿದೆ ಮೇಡಂ" ಅಂತ.

ಮನೆಗೆ ಕುಂಟಿಕೊಂಡು ಬಂದರೆ ನಮ್ಮತ್ತೆ ಹರಳೆಣ್ಣೆ ಬಿಸಿ ಮಾಡಿ ತಂದರು. "ಕಾಲು ಕೊಡು, ನೀವ್ತೀನಿ" ಅಂದರು. ಆ ಪ್ರೀತಿಗೆ ಬೇಡ ಅನ್ನುವುದು ಕಷ್ಟ. ಆದರೆ ಆ ದಿನ ಬೇಡ ಅನ್ನಲೇಬೇಕು. ಹರಿದ ಸ್ನಾಯುವಿನ ಒಳಗೆ ರಕ್ತ ಸೋರುತ್ತಿರುತ್ತದೆ. ಮೊದಲ ಎರಡು ಮೂರು ದಿನ ಶಾಖ ಕೊಟ್ಟು ಒತ್ತಿ ನೀವಿದರೆ ಸೋರುವುದು ಜಾಸ್ತಿಯಾಗುತ್ತದೆ. ಅತ್ತೆಗೆ ಹೀಗೇ ಹೇಳಿದೆ. ಅವರು ಎಣ್ಣೆ ಪಕ್ಕಕ್ಕಿಟ್ಟು, ಕಾಲು ಎತ್ತಿಡಲು ಎರಡು ದಿಂಬು ತಂದುಕೊಟ್ಟರು. ಮತ್ತೆ ನಿಧಾನವಾಗಿ ಓಡಲು ಏಳು ವಾರ ಹಿಡಿಯಿತು.

ಈಗ ಇದು ಯಾಕೆ ಆಯಿತು ಅನ್ನುವುದಕ್ಕೆ ಬರೋಣ.

ಓಡುವುದನ್ನು ಮತ್ತೆ ಶುರು ಮಾಡಿದಾಗ ಮೈ ಮೊದಲು ಮಾಡುವ ಕೆಲಸ ರಕ್ತದ ನೀರಿನ ಭಾಗವನ್ನು ಹೆಚ್ಚಿಸುವುದು. ಅದು ಕೆಲವೇ ದಿನಗಳಲ್ಲಿ ಆಗುತ್ತದೆ. ರಕ್ತ ಜಾಸ್ತಿಯಾದರೆ ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ದೂಡುತ್ತದೆ. ಎರಡು ಮೂರು ವಾರದಲ್ಲಿ ಉಸಿರು ಹಗುರ. ಸ್ನಾಯುಗಳೂ ಬೇಗ ನೆನಪಿಸಿಕೊಳ್ಳುತ್ತವೆ. ಮೊದಲ ಕೆಲವು ವಾರ ಬರುವ ಶಕ್ತಿಯಲ್ಲಿ ದೊಡ್ಡ ಪಾಲು ಮಿದುಳು ಮತ್ತು ನರದ್ದು. ಇಲ್ಲಿ ನಿಜವಾದ ನರ! ಸ್ನಾಯು ಇನ್ನೂ ದಪ್ಪ ಆಗಿರುವುದಿಲ್ಲ, ಇರುವುದನ್ನೇ ಚೆನ್ನಾಗಿ ಬಳಸಲು ನರಗಳು ಕಲಿತಿರುತ್ತವೆ.

ಟೆಂಡನ್ ಹಾಗಲ್ಲ. ಅದಕ್ಕೆ ರಕ್ತದ ಓಡಾಟ ಕಡಿಮೆ. ಮುಟ್ಟಿದರೆ ಹಗ್ಗದ ಹಾಗೆ. ಅದು ಹೊಸ ಭಾರಕ್ಕೆ ಒಗ್ಗಿಕೊಳ್ಳಲು ತಿಂಗಳುಗಳೇ ಬೇಕು. ಮೂರು ತಿಂಗಳು ಅಂತ ಇಟ್ಟುಕೊಳ್ಳಿ, ವಯಸ್ಸಾದವರಿಗೆ ಅದಕ್ಕೂ ಜಾಸ್ತಿ. ಮೂಳೆಯದು ಇನ್ನೂ ವಿಚಿತ್ರ. ಹೊಸ ಭಾರ ಬಿದ್ದಾಗ ಮೂಳೆ ಮೊದಲು ಹಳೆಯ ಭಾಗವನ್ನು ಕರಗಿಸಿ ತೆಗೆಯುತ್ತದೆ, ಆಮೇಲೆ ಆ ಜಾಗಕ್ಕೆ ಹೊಸದನ್ನು ತುಂಬುತ್ತದೆ. ಮನೆ ರಿಪೇರಿಯಲ್ಲಿ ಹಳೆ ಗಾರೆ ಕಿತ್ತು ಹೊಸದು ಹಾಕುವ ಹಾಗೆ. ನಡುವೆ ಕೆಲವು ವಾರ ಗೋಡೆ ಬರಿದಾಗಿರುತ್ತದೆ. ಆ ಕೆಲವು ವಾರ ಮೂಳೆ ಮೊದಲಿಗಿಂತ ಸ್ವಲ್ಪ ದುರ್ಬಲ.

1855ರಲ್ಲಿ ಪ್ರಷ್ಯಾ ಸೈನ್ಯದ ವೈದ್ಯ ಬ್ರೈಟ್‌ಹಾಪ್ಟ್ ಒಂದು ವಿಷಯ ಬರೆದಿಟ್ಟರು. ದೂರ ದೂರ ಮಾರ್ಚ್ ಮಾಡಿದ ಸೈನಿಕರ ಪಾದ ಊದಿಕೊಂಡು ನೋಯುತ್ತದೆ, ಬಿದ್ದಿಲ್ಲ, ಪೆಟ್ಟಾಗಿಲ್ಲ. ಎಕ್ಸ್‌ರೇ ಬಂದದ್ದು 1895ರಲ್ಲಿ. ಆಮೇಲೆ ಗೊತ್ತಾಯಿತು, ಅದು ಪಾದದ ಮೂಳೆಯ ಸಣ್ಣ ಬಿರುಕು. ಇವತ್ತಿಗೂ ಹೊಸದಾಗಿ ಸೈನ್ಯಕ್ಕೆ ಸೇರಿದವರಲ್ಲಿ ಇದು ತರಬೇತಿಯ ಮೊದಲ ಕೆಲವು ವಾರಗಳಲ್ಲೇ ಜಾಸ್ತಿ ಕಾಣುವುದು. ಅವರು ಹದಿನೆಂಟು ಇಪ್ಪತ್ತರ ಹುಡುಗರು. ನಾವು ನಲವತ್ತು ದಾಟಿದವರು.

ಮೂರನೇ ನಾಲ್ಕನೇ ವಾರದಲ್ಲಿ ಏನಾಗುತ್ತದೆ ಅಂದರೆ, ಉಸಿರು "ಹೋಗು" ಅನ್ನುತ್ತದೆ, ತಲೆಯಲ್ಲಿ ಹಳೆಯ ವೇಗದ ನೆನಪು ಇರುತ್ತದೆ, ಕಾಲಿನ ಹುರಿಗಳೂ ಮೂಳೆಗಳೂ ಇನ್ನೂ ಕುರ್ಚಿಯಲ್ಲಿ ಕೂತವರ ಕಾಲಿನವೇ ಆಗಿರುತ್ತವೆ. ನನ್ನ ಹತ್ತಿರ ಬರುವ ಪೆಟ್ಟುಗಳಲ್ಲಿ ಹೆಚ್ಚಿನವು ಈ ಅಂತರದಲ್ಲೇ ಆದವು. ಮತ್ತೆ ಓಟ ಶುರು ಮಾಡಿದವರು ಮೊದಲ ದಿನ ಬೀಳುವುದಿಲ್ಲ. ಚೆನ್ನಾಗಿದೆ ಅನ್ನಿಸಲು ಶುರುವಾದಾಗ ಬೀಳುತ್ತಾರೆ.

ಇಲ್ಲಿ ಒಬ್ಬರು ಕೇಳಿದರು, "ನಾನು ಹತ್ತು ವರ್ಷದಿಂದ ದಿನಾ ಒಂದು ಗಂಟೆ ವಾಕ್ ಮಾಡುತ್ತೇನೆ, ನನ್ನ ಕಾಲು ತಯಾರಿರುತ್ತದೆ ಅಲ್ವಾ?" ಒಳ್ಳೆಯ ಪ್ರಶ್ನೆ. ಹೃದಯಕ್ಕೆ, ಸಕ್ಕರೆಗೆ, ಬಿಪಿಗೆ ಆ ವಾಕ್ ಬಹಳ ಒಳ್ಳೆಯದು, ಬಿಡಬೇಡಿ. ಆದರೆ ಓಟ ಅನ್ನುವುದು ಜೋರು ನಡಿಗೆ ಅಲ್ಲ. ನಡೆಯುವಾಗ ಒಂದಲ್ಲ ಒಂದು ಪಾದ ನೆಲದ ಮೇಲೆ ಇದ್ದೇ ಇರುತ್ತದೆ. ಓಡುವಾಗ ಪ್ರತಿ ಹೆಜ್ಜೆಗೂ ಎರಡೂ ಪಾದ ಗಾಳಿಯಲ್ಲಿರುವ ಒಂದು ಕ್ಷಣ ಇದೆ. ಅಂದರೆ ಪ್ರತಿ ಹೆಜ್ಜೆಯೂ ಒಂದು ಸಣ್ಣ ನೆಗೆತ, ಒಂಟಿ ಕಾಲಲ್ಲಿ ಇಳಿಯುವುದು. ಇಳಿದಾಗ ನೆಲ ನಮ್ಮ ತೂಕದ ಎರಡರಿಂದ ಮೂರು ಪಟ್ಟು ಬಲದಲ್ಲಿ ವಾಪಸ್ ತಳ್ಳುತ್ತದೆ. ಅರ್ಧ ಗಂಟೆ ಓಡಿದರೆ ಸುಮಾರು ಐದು ಸಾವಿರ ಹೆಜ್ಜೆ.

ಸೋಲಿಯಸ್ ಮೇಲೆ ಬೀಳುವ ಭಾರ ಅದಕ್ಕೂ ಜಾಸ್ತಿ. ಹಾರೆಯಿಂದ ಕಲ್ಲು ಮೀಟುವುದನ್ನು ನೆನಪಿಸಿಕೊಳ್ಳಿ. ಉದ್ದದ ತುದಿ ಹಿಡಿದರೆ ಸುಲಭ, ಗಿಡ್ಡ ತುದಿಯ ಕಡೆಯಿಂದ ಒತ್ತಿದರೆ ಮೈಯೆಲ್ಲಾ ಬಲ ಹಾಕಬೇಕು. ನೆಲದ ತಳ್ಳು ಬೀಳುವುದು ಪಾದದ ಮುಂಭಾಗದ ಮೇಲೆ, ಕಣಕಾಲಿನ ಕೀಲಿನಿಂದ ದೂರ. ಟೆಂಡನ್ ಕಟ್ಟಿಕೊಂಡಿರುವುದು ಹಿಮ್ಮಡಿಗೆ, ಕೀಲಿಗೆ ಹತ್ತಿರ. ಪಾಪ, ಮೀನಖಂಡಕ್ಕೆ ಸಿಕ್ಕಿರುವುದು ಗಿಡ್ಡ ತುದಿ. ಹಾಗಾಗಿ ಓಡುವಾಗ ಸೋಲಿಯಸ್ ಒಂದೇ ದೇಹತೂಕದ ಆರರಿಂದ ಎಂಟು ಪಟ್ಟು ಬಲ ಹಾಕುತ್ತದೆ ಅಂತ ಅಂದಾಜು. 60 ಕಿಲೋ ತೂಕದವರಿಗೆ ಸುಮಾರು 400 ಕಿಲೋ. ಐವತ್ತು ಕಿಲೋದ ಎಂಟು ಅಕ್ಕಿ ಮೂಟೆ, ಪ್ರತಿ ಹೆಜ್ಜೆಗೆ. ವಾಕಿಂಗ್‌ನಲ್ಲಿ ಅದು ಈ ಭಾರದ ಹತ್ತಿರಕ್ಕೂ ಬಂದಿರುವುದಿಲ್ಲ.

ಇನ್ನೊಂದು ವ್ಯತ್ಯಾಸ ಹಿಂದುಗಡೆ ಇದೆ. ನಾವು ಕೂರುವ ಜಾಗದ ದೊಡ್ಡ ಸ್ನಾಯು, ಪಿರ್ರೆಯದು, ಗ್ಲೂಟಿಯಸ್ ಮ್ಯಾಕ್ಸಿಮಸ್. ಸಮತಟ್ಟು ರಸ್ತೆಯಲ್ಲಿ ನಡೆಯುವಾಗ ಅದು ಹೆಚ್ಚುಕಡಿಮೆ ಸುಮ್ನೆ ಇರುತ್ತದೆ. ಓಡಲು ಶುರು ಮಾಡಿದ ತಕ್ಷಣ ಎಚ್ಚರಗೊಳ್ಳುತ್ತದೆ, ಮುಂದಕ್ಕೆ ಮುಗ್ಗರಿಸದ ಹಾಗೆ ಮೈಯನ್ನು ಹಿಡಿದಿಡುತ್ತದೆ. 2004ರಲ್ಲಿ ಡೆನ್ನಿಸ್ ಬ್ರಾಂಬಲ್ ಮತ್ತು ಡೇನಿಯಲ್ ಲೀಬರ್‌ಮನ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ದೊಡ್ಡ ವಾದ ಮುಂದಿಟ್ಟರು. ಮನುಷ್ಯನ ಮೈ ದೂರ ಓಡುವುದಕ್ಕಾಗಿಯೇ ಹೀಗೆ ರೂಪುಗೊಂಡಿದೆ ಅಂತ. ಅವರು ಕೊಟ್ಟ ಸಾಕ್ಷಿಗಳಲ್ಲಿ ಈ ಪಿರ್ರೆಯ ಸ್ನಾಯುವೂ ಇದೆ, ಅಕಿಲಿಸ್ ಟೆಂಡನ್ನೂ ಇದೆ. ಚಿಂಪಾಂಜಿಗೆ ಎರಡೂ ಚಿಕ್ಕವು. ನಮ್ಮ ಟೆಂಡನ್ ಉದ್ದ, ಸ್ಪ್ರಿಂಗ್ ಹಾಗೆ ಹಿಗ್ಗಿ ಕುಗ್ಗಿ ಪ್ರತಿ ಹೆಜ್ಜೆಯ ಶಕ್ತಿಯಲ್ಲಿ ಒಂದು ಪಾಲನ್ನು ವಾಪಸ್ ಕೊಡುತ್ತದೆ. "ನನ್ನದು ಓಡುವ ಮೈ ಅಲ್ಲ ಮೇಡಂ" ಅಂತ ಯಾರಾದರೂ ಅಂದರೆ ನಾನು ಈ ಟೆಂಡನ್ ಮುಟ್ಟಿ ತೋರಿಸುತ್ತೇನೆ. ಎಲ್ಲರಿಗೂ ಇದೆ.

ಈಗ ತೊಡೆಗೆ ಬರೋಣ. ಮೈಸೂರಿನವರಿಗೆ ಇದನ್ನು ಹೇಳುವುದು ಸುಲಭ. ಚಾಮುಂಡಿ ಬೆಟ್ಟದ ಮೆಟ್ಟಿಲು ಎಷ್ಟು ಜನ ಹತ್ತಿದ್ದೀರಿ? ಎಲ್ಲರೂ. ಸಾವಿರ ಮೆಟ್ಟಿಲು. ಹತ್ತುವಾಗ ಏನು ನೋಯುತ್ತದೆ? ಏನೂ ಇಲ್ಲ, ಉಸಿರು ಕಟ್ಟುತ್ತದೆ ಅಷ್ಟೆ. ನಂದಿಯ ಹತ್ತಿರ ಕೂತು ನೀರು ಕುಡಿದರೆ ಸರಿಹೋಗುತ್ತದೆ. ಇಳಿಯುವಾಗ? ಉಸಿರಾಟ ಆರಾಮ, ತೊಡೆ ಗಡಗಡ. ಮಾರನೇ ದಿನ ಪರವಾಗಿಲ್ಲ. ಅದರ ಮಾರನೇ ದಿನ ಕೆಳಗೆ ಕೂರಲು ಆಗುವುದಿಲ್ಲ, ಕೂತರೆ ಏಳಲು ಆಗುವುದಿಲ್ಲ, ಮನೆಯ ಮೆಟ್ಟಿಲನ್ನು ಪಕ್ಕಕ್ಕೆ ತಿರುಗಿ ಇಳಿಯುತ್ತೇವೆ.

ತೊಡೆಯ ಮುಂದೆ ನಾಲ್ಕು ಸ್ನಾಯುಗಳ ಒಂದು ಗುಂಪಿದೆ, ಕ್ವಾಡ್ರಿಸೆಪ್ಸ್. ಹತ್ತುವಾಗ ಅವು ಕುಗ್ಗುತ್ತಾ ಕೆಲಸ ಮಾಡುತ್ತವೆ. ಇಳಿಯುವಾಗ ಬ್ರೇಕ್ ಹಾಕುತ್ತವೆ, ಅಂದರೆ ಬಿಗಿಹಿಡಿದುಕೊಂಡೇ ಉದ್ದವಾಗುತ್ತಾ ಹೋಗುತ್ತವೆ. ಬಾವಿಗೆ ಕೊಡ ಇಳಿಸುವಾಗ ಹಗ್ಗವನ್ನು ಬಿಗಿಹಿಡಿದೇ ಬಿಡುತ್ತಾ ಹೋಗುತ್ತೇವಲ್ಲ, ಹಾಗೆ. ಅಂಗೈ ಉರಿಯುವುದು ಆಗಲೇ. ಸ್ನಾಯುವಿನ ಎಳೆಗಳಿಗೆ ಸಣ್ಣ ಸಣ್ಣ ಗಾಯ ಜಾಸ್ತಿ ಆಗುವುದೂ ಈ ಬ್ರೇಕ್ ಕೆಲಸದಲ್ಲೇ. ಆ ನೋವು 24 ಗಂಟೆ ಆದ ಮೇಲೆ ಏರುತ್ತದೆ, 72 ಗಂಟೆಯ ಹೊತ್ತಿಗೆ ಇಳಿಯಲು ಶುರುವಾಗುತ್ತದೆ.

"ಲ್ಯಾಕ್ಟಿಕ್ ಆಸಿಡ್ ಕೂತಿದೆ, ಅದಕ್ಕೇ ನೋವು" ಅಂತ ಜಿಮ್‌ಗಳಲ್ಲಿ ಈಗಲೂ ಹೇಳುತ್ತಾರೆ. ಅದು ತಪ್ಪು. ಓಡುವಾಗ ಏರಿದ ಲ್ಯಾಕ್ಟೇಟ್ ನಿಲ್ಲಿಸಿದ ಒಂದು ಗಂಟೆಯೊಳಗೆ ಹೆಚ್ಚುಕಡಿಮೆ ಖಾಲಿಯಾಗಿರುತ್ತದೆ. ಹೃದಯವೂ ಸ್ನಾಯುಗಳೂ ಅದನ್ನು ಇಂಧನವಾಗಿ ಉರಿಸಿಕೊಳ್ಳುತ್ತವೆ. ಎರಡು ದಿನ ಬಿಟ್ಟು ಬರುವ ನೋವಿಗೆ ಅದನ್ನು ಬೈಯುವುದು ಸರಿಯಲ್ಲ.

ಇಲ್ಲೊಂದು ಒಳ್ಳೆಯ ಸುದ್ದಿ ಇದೆ. ಎರಡು ವಾರ ಬಿಟ್ಟು ಅದೇ ಮೆಟ್ಟಿಲು ಮತ್ತೆ ಇಳಿಯಿರಿ. ನೋವು ಮೊದಲಿನ ಅರ್ಧವೂ ಇರುವುದಿಲ್ಲ. ಒಂದು ಸಲ ಪೆಟ್ಟು ತಿಂದ ಸ್ನಾಯು ಅದೇ ಪೆಟ್ಟಿಗೆ ಬೇಗ ತಯಾರಾಗುತ್ತದೆ. ಆಷಾಢ ಶುಕ್ರವಾರ ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಇಟ್ಟುಕೊಂಡು ಹತ್ತುವ ಹೆಂಗಸರನ್ನು ನೋಡಿ. ಮೊದಲ ಶುಕ್ರವಾರದ ನೋವು ಮೂರನೇ ಶುಕ್ರವಾರ ಇರುವುದಿಲ್ಲ. ದೇವಿಯ ದಯೆ ಅಂತ ಅವರು ಹೇಳುತ್ತಾರೆ, ನಾನು ಅಲ್ಲ ಅನ್ನುವುದಿಲ್ಲ, ಸ್ನಾಯುವಿಗೂ ಈ ಗುಣ ಕೊಟ್ಟಿದೆಯಲ್ಲ.

ತೊಡೆಯ ಹಿಂದೆ ಹ್ಯಾಮ್‌ಸ್ಟ್ರಿಂಗ್. ಮೂರು ಸ್ನಾಯುಗಳು, ಕೂರುವ ಮೂಳೆಯಿಂದ ಮಂಡಿಯ ಕೆಳಗಿನವರೆಗೆ. ಕುರ್ಚಿಯ ಮೇಲೆ ಕೂತು ತೊಡೆಯ ಹಿಂದೆ, ಮಂಡಿಯ ಹತ್ತಿರ ಮುಟ್ಟಿದರೆ ಎರಡು ಪಕ್ಕದಲ್ಲಿ ಎರಡು ಹುರಿ ಸಿಗುತ್ತವೆ. ಅದೇ. ಓಡುವಾಗ ಕಾಲು ಮುಂದಕ್ಕೆ ಬೀಸಿ ಇನ್ನೇನು ನೆಲ ಮುಟ್ಟಬೇಕು ಅನ್ನುವಾಗ ಬೀಸಿದ ಕಾಲನ್ನು ಹಿಡಿದು ನಿಲ್ಲಿಸುವುದು ಇವು. ಜೋರಾಗಿ ಓಡಿದಷ್ಟೂ ಇವುಗಳ ಮೇಲೆ ಭಾರ ಜಾಸ್ತಿ. ಹಾಗಾಗಿ ಮಕ್ಕಳ ಸ್ಕೂಲ್ ಡೇಯಲ್ಲಿ ಪೋಷಕರ ಓಟ ಇರುತ್ತದಲ್ಲ, ಅಲ್ಲಿ ಅಪ್ಪಂದಿರು ತೊಡೆ ಹಿಡಿದುಕೊಂಡು ಕೂರುವುದು. ಮೊದಲ ಎರಡು ತಿಂಗಳು ಜೋರು ಓಟ ಬೇಡವೇ ಬೇಡ.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ, ಯಾರೂ ಹೆಸರೇ ಕೇಳಿರದ ಒಂದು ಸ್ನಾಯು. ಸೊಂಟದ ಪಕ್ಕದಲ್ಲಿ, ಪ್ಯಾಂಟಿನ ಸೈಡ್ ಜೇಬಿಗಿಂತ ಸ್ವಲ್ಪ ಮೇಲೆ. ಗ್ಲೂಟಿಯಸ್ ಮೀಡಿಯಸ್. ಕೈ ಅಲ್ಲಿಡಿ, ಎದ್ದು ನಿಂತು ಒಂಟಿ ಕಾಲಲ್ಲಿ ನಿಲ್ಲಿ. ನಿಂತ ಕಾಲಿನ ಕಡೆ ಬಿಗಿಯಾಯಿತಲ್ಲ? ಎತ್ತಿದ ಕಾಲಿನ ಕಡೆ ಸೊಂಟ ಕೆಳಗೆ ಬೀಳದ ಹಾಗೆ ಅದು ಹಿಡಿದಿದೆ. ಓಟ ಪೂರ್ತಿ ಒಂಟಿ ಕಾಲಿನ ಕೆಲಸ ಅಂದೆನಲ್ಲ. ಈ ಸ್ನಾಯು ಸೋತರೆ ಪ್ರತಿ ಹೆಜ್ಜೆಗೂ ಸೊಂಟ ಒಂದು ಕಡೆ ಜಾರುತ್ತದೆ, ತೊಡೆ ಒಳಕ್ಕೆ ತಿರುಗುತ್ತದೆ, ಮಂಡಿ ಒಳಕ್ಕೆ ವಾಲುತ್ತದೆ. ನೋವು ಬರುವುದು ಮಂಡಿಯಲ್ಲಿ. ಮಂಡಿಗೆ ಬೆಲ್ಟ್ ಹಾಕಿ, ಮುಲಾಮು ಹಚ್ಚಿ, ಎಕ್ಸ್‌ರೇ ತೆಗೆಸಿ ಬರುತ್ತಾರೆ. ನಾನು ಒಂದು ಮೆಟ್ಟಿಲಿನಿಂದ ನಿಧಾನವಾಗಿ ಇಳಿಯಲು ಹೇಳಿ ಮುಂದೆ ನಿಂತು ನೋಡುತ್ತೇನೆ. ಮಂಡಿ ಹೆಬ್ಬೆರಳಿನ ಕಡೆ ಒಳಕ್ಕೆ ಹೋಗುತ್ತಿರುವುದು ಕಣ್ಣಿಗೇ ಕಾಣುತ್ತದೆ. ಮನೆಯಲ್ಲಿ ಕನ್ನಡಿ ಮುಂದೆ ನೀವೂ ನೋಡಿಕೊಳ್ಳಬಹುದು.

ಓಡಿದರೆ ಮಂಡಿ ಸವೆಯುತ್ತದೆ ಅನ್ನುವ ಭಯ ಎಲ್ಲರಿಗೂ ಇದೆ, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಖುಷಿಗಾಗಿ, ಮಿತವಾಗಿ ಓಡುವವರಲ್ಲಿ ಮಂಡಿ ಸವೆತ ಕೂತೇ ಇರುವವರಿಗಿಂತ ಜಾಸ್ತಿ ಕಂಡುಬಂದಿಲ್ಲ, ಕಡಿಮೆಯೇ ಕಂಡಿದೆ. ಈಗಾಗಲೇ ಸವೆತ ಇರುವವರು ಮಾತ್ರ ವೈದ್ಯರನ್ನು ಕೇಳಿ ಶುರು ಮಾಡಿ.

ಮಂಡಿಯ ಕೆಳಗೆ, ಕಾಲಿನ ಮುಂದುಗಡೆಯ ಮೂಳೆಯ ನೋವು, ಶಿನ್ ಅಂತಾರಲ್ಲ, ಅದರಲ್ಲಿ ಒಂದು ಎಚ್ಚರ. ಮೂಳೆಯ ಒಳಪಕ್ಕದಲ್ಲಿ ಉದ್ದಕ್ಕೆ, ಒಂದು ಗೇಣಿನಷ್ಟು ಜಾಗದಲ್ಲಿ ನೋವಿದ್ದರೆ ಓಟ ಕಡಿಮೆ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಒಂದೇ ಬೆರಳಿನಲ್ಲಿ ಮುಟ್ಟಿ ತೋರಿಸುವಷ್ಟು ಚಿಕ್ಕ ಜಾಗದಲ್ಲಿ ನೋವು, ಒತ್ತಿದರೆ ಪ್ರಾಣ ಹೋಗುವ ಹಾಗೆ, ರಾತ್ರಿ ಮಲಗಿದಾಗಲೂ ನೋವು ಅಂದರೆ ಓಟ ಅವತ್ತೇ ನಿಲ್ಲಿಸಿ, ಮೂಳೆ ವೈದ್ಯರಿಗೆ ತೋರಿಸಿ. ಆ ಸೈನಿಕರ ಪಾದದಲ್ಲಿ ಆದಂಥ ಬಿರುಕು ಇಲ್ಲೂ ಆಗಿರಬಹುದು.

ಮತ್ತೊಂದು, ಇದನ್ನು ದಯವಿಟ್ಟು ಮನೆಯವರಿಗೂ ಹೇಳಿ. ದೂರದ ಬಸ್ಸು ಅಥವಾ ವಿಮಾನ ಪ್ರಯಾಣ ಮಾಡಿ ಬಂದ ಮೇಲೆ, ಇಲ್ಲವೇ ಆಪರೇಷನ್ ಆಗಿ ಮಲಗಿದ್ದು ಎದ್ದ ಮೇಲೆ, ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಅದು ಸ್ನಾಯು ಅಲ್ಲದಿರಬಹುದು. ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟಿರಬಹುದು. ನೀವಬೇಡಿ, ಕಾಯಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಜೊತೆಗೆ ಉಸಿರಾಟ ಕಷ್ಟ ಅಂದರೆ ಒಂದು ನಿಮಿಷವೂ ತಡ ಮಾಡಬೇಡಿ.

ಈಗ ಶುರು ಮಾಡುವುದು ಹೇಗೆ? ನಲವತ್ತು ದಾಟಿದವರು, ಬಿಪಿ, ಸಕ್ಕರೆ ಇರುವವರು, ಮನೆಯಲ್ಲಿ ಚಿಕ್ಕ ವಯಸ್ಸಿಗೆ ಹೃದಯದ ತೊಂದರೆ ಕಂಡವರು ಮೊದಲು ವೈದ್ಯರಿಗೆ ತೋರಿಸಿ. ಆಮೇಲೆ ಓಟಕ್ಕಿಂತ ಮುಂಚೆ ಎರಡು ವಾರ ಕಾಲಿಗೆ ಕೊಡಿ. ಹಲ್ಲುಜ್ಜುವಾಗ ಬಚ್ಚಲಮನೆಯಲ್ಲಿ ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸಿ. ಅರ್ಧ ಸಲ ಮಂಡಿ ನೆಟ್ಟಗೆ, ಇನ್ನರ್ಧ ಮಂಡಿ ಸ್ವಲ್ಪ ಬಗ್ಗಿಸಿ. ಯಾಕೆ ಎರಡು ಬಗೆ ಅಂತ ಈಗ ನಿಮಗೇ ಗೊತ್ತು. ಮೊದಲು ಎರಡೂ ಕಾಲಲ್ಲಿ, ಆಮೇಲೆ ಒಂದೇ ಕಾಲಲ್ಲಿ. ಎತ್ತುವುದಕ್ಕಿಂತ ಇಳಿಸುವುದು ನಿಧಾನ ಇರಲಿ. ಒಂಟಿ ಕಾಲಲ್ಲಿ ಇಪ್ಪತ್ತು, ಇಪ್ಪತ್ತೈದು ಸಲ ಪೂರ್ತಿ ಎತ್ತರಕ್ಕೆ ಏಳುವುದು ಗುರಿ. ಬಲಗಾಲು ಇಪ್ಪತ್ತು, ಎಡಗಾಲು ಹನ್ನೊಂದು ಅಂತ ಬಂದರೆ ಪೆಟ್ಟು ಎಲ್ಲಿ ಕಾಯುತ್ತಿದೆ ಅಂತ ಸಿಕ್ಕಿತು. ನಾನು ಈ ಎಣಿಕೆಯನ್ನು ರೋಗಿಗಳಿಗೆ ದಿನಾ ಮಾಡಿಸುತ್ತಿದ್ದೆ, ನನಗೆ ಮಾಡಿಕೊಂಡಿರಲಿಲ್ಲ.

ಜೊತೆಗೆ ಮೆಟ್ಟಿಲಿನಿಂದ ನಿಧಾನವಾಗಿ ಇಳಿಯುವುದು, ಅಂಗಾತ ಮಲಗಿ ಮಂಡಿ ಮಡಿಸಿ ಸೊಂಟ ಎತ್ತುವುದು. ಯೋಗ ಮಾಡುವವರಿಗೆ ಸೇತುಬಂಧಾಸನ ಗೊತ್ತಿದೆ, ಅದೇ. ಇಷ್ಟು ಸಾಕು.

ಓಟದಲ್ಲಿ, ವಾರಕ್ಕೆ ಮೂರೇ ದಿನ, ನಡುವೆ ಒಂದು ದಿನ ಬಿಟ್ಟು. ಐದು ನಿಮಿಷ ನಡಿಗೆ. ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಎಂಟು ಸಲ. ಇಷ್ಟೇನಾ ಅನ್ನಿಸುತ್ತದೆ. ಇಷ್ಟೇ. 1996ರಲ್ಲಿ ಜಾಶ್ ಕ್ಲಾರ್ಕ್ ಎಂಬ ಅಮೆರಿಕದ ಯುವಕ ಕೂತಿದ್ದವರನ್ನು 9 ವಾರದಲ್ಲಿ 5 ಕಿ.ಮೀ. ಓಡಿಸುವ ಒಂದು ಕ್ರಮ ಮಾಡಿದರು. ಇವತ್ತು ಫೋನಿನಲ್ಲಿ ಅದರ ಆ್ಯಪ್‌ಗಳೂ ಇವೆ. ನಡೆದು ಓಡಿ, ನಡೆದು ಓಡಿ ಹೋಗುವ ಅದರ ದಾರಿ ಚೆನ್ನಾಗಿದೆ. ಆದರೆ ನಲವತ್ತೈದು ದಾಟಿದವರಿಗೆ 9 ವಾರ ಕಡಿಮೆ ಅಂತ ನನ್ನ ಅಭಿಪ್ರಾಯ. ಒಂದೊಂದು ವಾರವನ್ನು ಎರಡೆರಡು ಸಲ ಮಾಡಿದರೂ ತಪ್ಪಿಲ್ಲ. ಟೆಂಡನ್ನಿಗೆ ಆ ಸಮಯ ಬೇಕು.

ವೇಗ ಎಷ್ಟು? ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಹೆಜ್ಜೆ ಚಿಕ್ಕದಿರಲಿ, ಬೇಗ ಬೇಗ ಬೀಳಲಿ. ಅರ್ಧ ನಿಮಿಷ ಬಲಗಾಲು ಎಷ್ಟು ಸಲ ಬೀಳುತ್ತದೆ ಎಣಿಸಿ, ಅದಕ್ಕೆ ಎರಡು ಮೂರು ಸೇರಿಸಿ ಓಡಿ. ವೇಗ ಅದೇ ಇದ್ದು ಹೆಜ್ಜೆ ಮಾತ್ರ ಚಿಕ್ಕದಾದರೆ ಮಂಡಿ, ಸೊಂಟದ ಮೇಲೆ ಬೀಳುವ ಭಾರ ಕಡಿಮೆಯಾಗುತ್ತದೆ.

ನೋವು ಬಂದರೆ ನಿಲ್ಲಿಸಬೇಕಾ? ಹತ್ತಕ್ಕೆ ಎಷ್ಟು ಅಂತ ನಿಮಗೆ ನೀವೇ ಅಂಕ ಕೊಡಿ. ಮೂರರ ಒಳಗಿದ್ದು, ಓಡುತ್ತಾ ಏರದೆ, ಮಾರನೇ ಬೆಳಗ್ಗೆ ಹಾಸಿಗೆಯಿಂದ ಎದ್ದು ಇಡುವ ಮೊದಲ ಹತ್ತು ಹೆಜ್ಜೆ ಎಂದಿನಂತಿದ್ದರೆ ಮುಂದುವರಿಸಬಹುದು. ಆ ಹತ್ತು ಹೆಜ್ಜೆ ಬಹಳ ನಿಜ ಹೇಳುತ್ತವೆ. ಹಿಮ್ಮಡಿಯ ಹಿಂದೆ ಬಿಗಿ ಅಂದರೆ ಅಕಿಲಿಸ್. ಹಿಮ್ಮಡಿಯ ಅಡಿಯಲ್ಲಿ ಮೊಳೆ ಚುಚ್ಚಿದ ಹಾಗೆ ಅಂದರೆ ಅಂಗಾಲಿನ ಪಟ್ಟಿ, ಪ್ಲಾಂಟಾರ್ ಫ್ಯಾಸಿಯಾ. ಟಪ್ ಅಂತ ಬಂದ ನೋವಿಗೆ ಈ ಅಂಕದ ಲೆಕ್ಕ ಇಲ್ಲ, ಆ ಕ್ಷಣವೇ ನಿಲ್ಲಬೇಕು.

ಶೂ ಬಗ್ಗೆ ಮೂರು ಜನ ಕೇಳಿದ್ದಾರೆ. ಬೆಲೆ ನೋಡಿ ಕೊಳ್ಳಬೇಡಿ, ಹಾಕಿದಾಗ ಹಿತವಾಗಿದೆಯಾ ನೋಡಿ. ಸಂಜೆ ಹೊತ್ತು ಕೊಳ್ಳಿ, ಪಾದ ಆಗ ಸ್ವಲ್ಪ ಊದಿರುತ್ತದೆ. ಬರಿಗಾಲಲ್ಲಿ ಓಡಬಹುದಾ ಅಂದರೆ, ಬರಿಗಾಲಲ್ಲಿ ನಾವು ಹೆಚ್ಚಾಗಿ ಪಾದದ ಮುಂಭಾಗದ ಮೇಲೆ ಇಳಿಯುತ್ತೇವೆ, ಆ ಭಾರವೆಲ್ಲ ಮೀನಖಂಡಕ್ಕೆ ಹೋಗುತ್ತದೆ. ವಾಪಸ್ ಬರುವವರಿಗೆ ಮೊದಲ ವರ್ಷ ಅದು ಬೇಡ. ಟಾರ್ ರಸ್ತೆಯ ಅಂಚು ಇಳಿಜಾರಾಗಿರುತ್ತದೆ, ಯಾವಾಗಲೂ ಒಂದೇ ಬದಿಯಲ್ಲಿ ಓಡಿದರೆ ಒಂದು ಕಾಲು ಸದಾ ತಗ್ಗಿನಲ್ಲಿ. ಕೆರೆಯ ಮಣ್ಣಿನ ದಾರಿ ಮೆತ್ತಗಿದೆ, ಆದರೆ ಬೇರುಗಳನ್ನು ನೋಡಿಕೊಳ್ಳಿ.

ಕೊನೆಯಲ್ಲಿ ಕೂತಿರುವ ಅಮ್ಮ ಕೇಳಿದರು, "ನಂಗೆ ಅರವತ್ತೆರಡು, ಈಗ ಶುರು ಮಾಡಿದ್ರೆ ಸ್ನಾಯು ಬೆಳೆಯುತ್ತಾ?" ಬೆಳೆಯುತ್ತದೆ ಅಮ್ಮ. ತೊಂಬತ್ತರ ಆಸುಪಾಸಿನವರಲ್ಲೂ ಭಾರ ಎತ್ತಿಸಿ ನೋಡಿದ್ದಾರೆ, ಅವರ ತೊಡೆಯಲ್ಲೂ ಶಕ್ತಿ ಬಂದಿದೆ. ನಿಮಗೆ ಸಮಯ ಸ್ವಲ್ಪ ಜಾಸ್ತಿ ಬೇಕು, ಊಟದಲ್ಲಿ ಬೇಳೆ, ಕಾಳು, ಮೊಸರು, ತಿನ್ನುವವರಾದರೆ ಮೊಟ್ಟೆ ಜಾಸ್ತಿ ಬೇಕು. ವೈದ್ಯರಿಗೆ ಒಮ್ಮೆ ತೋರಿಸಿಕೊಂಡು ಬನ್ನಿ. ಗುರುವಾರ ಬೆಳಗ್ಗೆ ಆರಕ್ಕೆ ನಾನು ಕೆರೆಯ ಗೇಟಿನ ಹತ್ತಿರ ಇರುತ್ತೇನೆ. ನನ್ನ ಪಕ್ಕದಲ್ಲೇ ಬನ್ನಿ. ಮೊದಲು ಗೇಟಿನ ಕಂಬಿ ಹಿಡಿದು ಹಿಮ್ಮಡಿ ಎತ್ತೋಣ, ಆಮೇಲೆ ಏರಿಯ ಮೇಲೆ ಒಂದು ನಿಮಿಷ ಓಡೋಣ. ಗಡಿಯಾರ ನಾನು ನೋಡಿಕೊಳ್ಳುತ್ತೇನೆ.